ನಡೆದವಳಿಗೂ ಬಂದಾಗ

ಕೋವಿಡ್ ಭಯ ತಗ್ಗಿ, ಮುಂದೂಡಿದ ಕಾಯಿಲೆಗಳನ್ನೆಲ್ಲ ಹೊತ್ತು ಜನ ಮತ್ತೆ ವೈದ್ಯರ ಬಳಿ ಬರತೊಡಗಿದ್ದ ವರ್ಷ. ಆಗ ನಾನು ಬಸವಾಪಟ್ಟಣದ ಒಂದು ಸಣ್ಣ ಚಿಕಿತ್ಸಾಲಯದಲ್ಲಿ ವೈದ್ಯೆ. ಮನೆ ಚನ್ನಗಿರಿಯಲ್ಲಿ. ದಿನಾ ಬೆಳಗಿನ ಬಸ್ಸಿನ ಓಡಾಟ. ನಿವೃತ್ತಳಾದ ಮೇಲೂ ಆ ಬಸ್ಸಿನ ಹಾರ್ನ್ ಕೇಳಿದರೆ ನನ್ನ ಕಾಲು ಚಪ್ಪಲಿ ಹುಡುಕುತ್ತದೆ.

ಶಮೀಮ್ ಬಾನು ಅಲ್ಲಿ ರವಿಕೆ, ಚೂಡಿದಾರ್ ಹೊಲಿಯುತ್ತಿದ್ದ ಟೈಲರ್. ವಯಸ್ಸು ನಲವತ್ತರ ಆಸುಪಾಸು. ತಾಯಿ ಮತ್ತು ಅಕ್ಕ ಇಬ್ಬರೂ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು.

“ನಮ್ಮ ರಕ್ತದಾಗೇ ಐತೆ ಮೇಡಂ. ನಂದು ಯಾವಾಗ ಅಂತ ಅಷ್ಟು ಹೇಳ್ರಿ,” ಎಂದಳು.

ದಾವಣಗೆರೆಯ ತಜ್ಞರ ಬಳಿ ಕಳಿಸಿ ಜೀನ್ ಪರೀಕ್ಷೆ ಮಾಡಿಸಿದೆವು. ವಂಶದಲ್ಲಿ ಇಳಿದು ಬರುವ ಗೊತ್ತಿರುವ ದೋಷವೇನೂ ಸಿಗಲಿಲ್ಲ. ಆದರೂ ಮನೆತನದ ಚರಿತ್ರೆ, ಏರಿದ ತೂಕ, ಗಡಿಯಲ್ಲಿದ್ದ ಸಕ್ಕರೆ, ಇಡೀ ದಿನ ಮಷೀನಿನ ಮುಂದೆ ಕೂತಿರುವ ಕೆಲಸ ಎಲ್ಲ ಸೇರಿ ನನಗೆ ಚಿಂತೆಯಿತ್ತು. ಅವಳಿಗೆ ಬಿಡಿಸಿ ಹೇಳಿದೆ: ಹುಟ್ಟಿನಿಂದ ಬಂದ ಜೀನ್ ಬದಲಾಗುವುದಿಲ್ಲ. ಆದರೆ ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎಂಬುದು ನಮ್ಮ ಬದುಕಿನ ರೀತಿಯಿಂದಲೂ ಹೆಚ್ಚುಕಡಿಮೆಯಾಗುತ್ತದೆ. ದುಡಿಯುವ ಸ್ನಾಯುಗಳು ರಕ್ತಕ್ಕೆ ಬಿಡುವ ಕೆಲವು ರಾಸಾಯನಿಕಗಳು ಮೈಯೊಳಗೆ ಸದ್ದಿಲ್ಲದೆ ಉಳಿಯುವ ಉರಿಯೂತವನ್ನು ತಗ್ಗಿಸುತ್ತವೆ. ಇನ್ಸುಲಿನ್ ಹತೋಟಿಗೆ ಬರುತ್ತದೆ. ಕ್ಯಾನ್ಸರ್ ಸಾಧ್ಯತೆ ಇಳಿಯಲು ಇವೂ ಕಾರಣವೆಂದು ತಿಳಿಯಲಾಗಿದೆ. ಎಷ್ಟೋ ಸಂಗತಿ ಇನ್ನೂ ಅಧ್ಯಯನದಲ್ಲಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ದಿನಾ ಬೆಳಿಗ್ಗೆ ನಡೆಯಲು ಹೇಳಿದೆ.

“ನಡೆಯಾಕೆ ನಾಚಿಕೆ ಆಗ್ತೈತೆ. ಕೆಲಸ ಇಲ್ದೆ ತಿರುಗ್ತಾಳೆ ಅಂತಾರೆ,” ಎಂದಳು.

ನಾನೂ ಜೊತೆಗೆ ನಡೆಯುತ್ತೇನೆಂದು ಒಪ್ಪಿಸಿದೆ. ಮರುದಿನ ನಾನು ಊರಿನ ಹೊರಗೇ ಬಸ್ಸಿಳಿದೆ. ಶಮೀಮ್ ಬುರ್ಖಾ ತೊಟ್ಟು ಕಾಯುತ್ತಿದ್ದಳು. ಜೊತೆಗೆ ಪಕ್ಕದ ಮನೆಯ ಗೌರಮ್ಮ, ಕಾಲಿಗೆ ಮಗನ ಬೂಟು. ಮೂವರೂ ಚಿಕಿತ್ಸಾಲಯದವರೆಗೆ ನಡೆದೆವು. ತಿಂಗಳು ಕಳೆಯುವುದರೊಳಗೆ ಅದು ಹೆಂಗಸರ ದೊಡ್ಡ ಗುಂಪಾಯಿತು. ನಡೆಯುತ್ತಲೇ ಸಾರಿನ ಮಾತು, ಸೊಸೆಯ ಮಾತು. ಸ್ತನವನ್ನು ತಾವೇ ಮುಟ್ಟಿ ನೋಡಿಕೊಳ್ಳುವುದು ಹೇಗೆಂದು ನಾನು ಹೇಳಿಕೊಟ್ಟಿದ್ದೂ ಆ ರಸ್ತೆಯಲ್ಲೇ. ನನ್ನ ವೃತ್ತಿಯಲ್ಲಿ ಅಷ್ಟು ನಗುವಿದ್ದ ಬೆಳಗುಗಳು ಬೇರೆ ಇಲ್ಲ.

ಎರಡು ವರ್ಷದ ಮೇಲೆ, ಹಾಗೆ ಮುಟ್ಟಿ ನೋಡಿಕೊಳ್ಳುವಾಗ ಶಮೀಮ್ ಕೈಗೆ ಒಂದು ಗಂಟು ಸಿಕ್ಕಿತು. ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್. ಇನ್ನೂ ಆರಂಭದ ಹಂತ.

ಗುಂಪು ಚೆದುರಿತು. “ದಿನಾ ನಡೆದೋಳಿಗೇ ಬಂತಲ್ಲ, ನಾವ್ಯಾಕೆ ನಡೀಬೇಕು?” ಎಂಬ ಮಾತು ನನ್ನ ಕಿವಿಗೂ ಬಿತ್ತು. ಶಮೀಮ್ ಆಪರೇಷನ್‌ಗೆ ಹೋಗುವುದಿಲ್ಲವೆಂದು ಕೂತಿದ್ದಳು. ಅವಳ ಮನೆಗೆ ಹೋದೆ. ಗೌರಮ್ಮ ಅಲ್ಲೇ ಕೂತಿದ್ದರು.

“ನೀವು ಹೇಳ್ದಂಗೇ ಮಾಡಿದ್ನಲ್ಲ ಮೇಡಂ. ಏನು ಬಂತು?”

“ಬರೋದೇ ಇಲ್ಲ ಅಂತ ಯಾವತ್ತೂ ಹೇಳಿರಲಿಲ್ಲ ಶಮೀಮ್. ಬರೋ ಸಾಧ್ಯತೆ ಕಡಿಮೆ ಆಗುತ್ತೆ ಅಂದಿದ್ದೆ. ನಿಮ್ಮ ಅಕ್ಕ ಆಸ್ಪತ್ರೆಗೆ ಹೋಗೋ ಹೊತ್ತಿಗೆ ಗಡ್ಡೆ ಬಲಿತಿತ್ತು. ಇದನ್ನ ನೀನೇ ಮೊದಲೇ ಹಿಡಿದಿದ್ದೀಯ.”

ಅವಳು ಮಷೀನಿನತ್ತ ತಿರುಗಿ ಹೊಲಿಯತೊಡಗಿದಳು. ಒಂದು ರವಿಕೆ ಮುಗಿಯುವವರೆಗೂ ನಾನು ಏಳಲಿಲ್ಲ. ಕೊನೆಗೆ ಗೌರಮ್ಮ, “ನಡಿ, ನಾನೂ ದಾವಣಗೆರೆಗೆ ಬರ್ತೀನಿ. ನಿನ್ನ ಬಿಟ್ಟು ನನಗೆ ಬೆಳಿಗ್ಗೆ ಎದ್ದು ಮಾಡಾಕೆ ಏನೈತೆ?” ಎಂದರು. ಶಮೀಮ್ ಅತ್ತುಬಿಟ್ಟಳು. ಮರುವಾರ ಆಪರೇಷನ್ ಆಯಿತು.

ಕಿಮೋ ನಡೆದ ತಿಂಗಳುಗಳಲ್ಲಿ, ತಜ್ಞರು ಒಪ್ಪಿದಷ್ಟು, ಅವಳು ಅಂಗಳದಲ್ಲಿ ಗೌರಮ್ಮನ ತೋಳು ಹಿಡಿದು ನಡೆದಳು. ಬಿಟ್ಟುಹೋದ ಹೆಂಗಸರು ಒಬ್ಬೊಬ್ಬರೇ ಆ ಅಂಗಳಕ್ಕೆ ಬಂದರು. ಚಿಕಿತ್ಸೆಯನ್ನು ಅವಳು ಚೆನ್ನಾಗಿ ತಡೆದುಕೊಂಡಳೆಂದು ತಜ್ಞರು ಹೇಳಿದರು. ಅದರಲ್ಲಿ ನಡಿಗೆಯ ಪಾಲೆಷ್ಟು, ಔಷಧದ ಪಾಲೆಷ್ಟು ಎಂದು ಅಳೆದು ಹೇಳಲು ನನ್ನಿಂದಾಗದು. ಈಗ ಆರೋಗ್ಯವಾಗಿದ್ದಾಳೆ, ತಪಾಸಣೆ ತಪ್ಪಿಸುವುದಿಲ್ಲ.

ನಮಗೆ ತಿಳಿದದ್ದಕ್ಕಿಂತ ಹೆಚ್ಚಿನ ಭರವಸೆಯನ್ನು ರೋಗಿಗೆ ಕೊಡಬಾರದು, ಆ ಭರವಸೆ ಸಾಲದ ದಿನ ಅವರ ಮನೆಯಿಂದ ಬೇಗ ಏಳಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಬೀಳ್ಕೊಡುಗೆಯ ದಿನ ಶಮೀಮ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ರಿಟೈರ್ ಆದೆ ಅಂತ ಕೂತ್ಕಂಡುಬಿಡಬ್ಯಾಡ್ರಿ ಮೇಡಂ, ತೂಕ ಜಾಸ್ತಿ ಆಗೈತೆ,” ಎಂದಳು. ನನ್ನ ಹೊಸ ಡಾಕ್ಟರ ಮಾತನ್ನು ಮೀರುವಂತಿರಲಿಲ್ಲ, ಮರುದಿನದಿಂದಲೇ ಮತ್ತೆ ನಡೆಯತೊಡಗಿದೆ.