ಹಲ್ಲಿ ಹೇಳಿದ ಸತ್ಯ

ಹಣಕೋಣದ ಗಂಗೂಬಾಯಿ ಮಾಡಿದ ಸಾಂಬಾರು ಉಂಡು ಇಲ್ಲಿಯತನಕ ಒಂದು ಮಗುವಿನ ಹೊಟ್ಟೆಯೂ ಕೆಟ್ಟದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಊರೆಲ್ಲ ನಂಬುವ ಈ ಮಾತನ್ನು ಗಂಗೂ ಒಬ್ಬಳೇ ನಂಬುವುದಿಲ್ಲ.

ಶಾಲೆಯ ಬಿಸಿಯೂಟದ ಅಡುಗೆಗೆ ಅವಳು ಸೇರಿ ಹನ್ನೊಂದು ವರ್ಷವಾಯಿತು. ಜೊತೆಗೆ ಭಾರತಿ ಅಂತ ಇನ್ನೊಬ್ಬಳು. ಐವತ್ತಮೂರು ಮಕ್ಕಳ ಅನ್ನ, ಸಾಂಬಾರು ಗಂಗೂಗೆ ಎಡಗೈ ಕೆಲಸ. ಅವಳು ಒಗ್ಗರಣೆ ಹಾಕಿದರೆ ಬಸ್ಸಿಗೆ ಕಾಯುವವರೂ ಶಾಲೆಯ ಕಡೆ ತಿರುಗಿ ನೋಡುತ್ತಿದ್ದರು.

ಎರಡು ವರ್ಷದ ಹಿಂದೆ, ಶಾಲೆ ಶುರುವಾದ ಜೂನ್ ತಿಂಗಳು. ಸಾಂಬಾರು ಕುದಿಯುತ್ತಿತ್ತು. ಸೌಟು ಆಡಿಸುತ್ತಿದ್ದ ಗಂಗೂ ತಲೆಯಲ್ಲಿ ಎಲ್ಲಿಂದಲೋ ಒಂದು ಮಾತು ಬಂತು: ಇದರಲ್ಲಿ ಏನಾದರೂ ಬಿದ್ದು, ಮಕ್ಕಳು ಉಂಡು, ಏನಾದರೂ ಆಗಿಬಿಟ್ಟರೆ? ಅಡುಗೆ ಮಾಡುವ ಯಾರಿಗಾದರೂ ಬರುವ ಮಾತೇ. ಬಂದದ್ದು ಹೋಗುತ್ತಿತ್ತು ಕೂಡ. ಅಷ್ಟರಲ್ಲಿ ಹಂಚಿನ ಮಾಡಿನ ಸಂದಿಯಲ್ಲಿ ಹಲ್ಲಿ ಲೊಚಗುಟ್ಟಿತು. ತೊಂಡೆಕಾಯಿ ಹೆಚ್ಚುತ್ತಿದ್ದ ಭಾರತಿ ನೆಲವನ್ನು ಬೆರಳಿನಿಂದ ಮೂರು ಸಲ ತಟ್ಟಿ "ಸತ್ಯ" ಅಂದಳು. ಹಲ್ಲಿ ನುಡಿದರೆ ಆಗ ಆಡಿದ್ದು, ಅಂದುಕೊಂಡದ್ದು ನಿಜ ಅಂತ ಲೆಕ್ಕ. ಈ ಕಡೆಯ ಮನೆಗಳಲ್ಲಿ ಬೆರಳು ತಾನಾಗಿ ನೆಲಕ್ಕೆ ಹೋಗುತ್ತದೆ. ಭಾರತಿ ಆಗ ಹೇಳುತ್ತಿದ್ದದ್ದು ನಾದಿನಿಯ ಹೊಸ ಸೀರೆ ಬಣ್ಣ ಬಿಡುತ್ತದೆ ಅಂತ. ಅವಳು ಸತ್ಯ ಅಂದದ್ದು ಸೀರೆಗೆ, ಗಂಗೂ ಕೇಳಿಸಿಕೊಂಡದ್ದು ಸಾಂಬಾರಿಗೆ.

ಮರುದಿನ ಎರಡನೇ ಕ್ಲಾಸಿನ ಜಯಶ್ರೀ ವಾಂತಿ ಮಾಡಿಕೊಂಡಳು. ಮನೆಯಲ್ಲಿ ಮೂವರಿಗೆ ಜ್ವರವಿತ್ತು, ಅವಳಿಗೂ ಬಂತು, ಮೂರು ದಿನಕ್ಕೆ ಹೋಯಿತು. ಗಂಗೂಗೆ ಮಾತ್ರ ಅದು ಹೋಗಲಿಲ್ಲ.

ಅಲ್ಲಿಂದ ಮುಚ್ಚಳ ತೆಗೆದು ನೋಡುವುದು ಶುರುವಾಯಿತು. ಮೊದಲು ಎರಡು ಸಲ, ಆಮೇಲೆ ಏಳು, ಆಮೇಲೆ ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. ಸಾಂಬಾರನ್ನು ಜರಡಿಯಲ್ಲಿ ಸೋಸುವಳು. ಬೆಳಿಗ್ಗೆ ಬಂದವಳೇ ಉದ್ದ ಪೊರಕೆಯಿಂದ ಮಾಡು ಗುಡಿಸುವಳು. ಗುಡಿಸಿದ ಕಸವೇ ಪಾತ್ರೆಗೆ ಬಿತ್ತೇನೋ ಅಂತ ಪಾತ್ರೆಯನ್ನೆಲ್ಲ ತಿರುಗಿ ತೊಳೆಯುವಳು. ಮಕ್ಕಳಿಗಿಂತ ಮುಂಚೆ ಅಡುಗೆಯವರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬ ನಿಯಮವಿದೆಯಲ್ಲ, ಒಂದು ಚಮಚ ನೋಡಿದರೆ ಸಾಕು. ಗಂಗೂ ಎರಡು ಬಟ್ಟಲು ಉಂಡು, ಗೋಡೆಗೆ ಒರಗಿ, ತನಗೇನಾದರೂ ಆಗುತ್ತದೆಯೇ ಎಂದು ಕಾಯುತ್ತ ಕೂರುತ್ತಿದ್ದಳು.

"ಎಷ್ಟ ಸಲ ನೋಡ್ತಿ ಗಂಗೂ? ನಾ ಇಲ್ಲೇ ಕೂತಿದ್ದೆ. ಎಂತದೂ ಬೀಳ್ಲಿಲ್ಲ," ಅನ್ನುವಳು ಭಾರತಿ.

"ನೀ ಉಪ್ಪಿನ ಡಬ್ಬಿ ತೆಗಿಯೂಕೆ ತಿರುಗಿದ್ಯಲ್ಲ, ಆವಾಗ?"

ಮನೆಗೆ ಹೋದ ಮೇಲೂ ಅದೇ ಪ್ರಶ್ನೆ. ಕಾರವಾರದಲ್ಲಿ ಬಿ.ಎ. ಓದುವ ಮಗಳು ನಿಶಾ ಒಂದು ದಿನ ತಾಯಿಯ ಫೋನು ನಿಧಾನವಾಯಿತೆಂದು ತೆಗೆದು ನೋಡಿದರೆ, ಅದರ ತುಂಬ ಸಾಂಬಾರಿನ ಫೋಟೋ. ನಾಲ್ಕು ಸಾವಿರದ ಮೇಲೆ. ಮುಚ್ಚಳ ಹಾಕುವ ಮೊದಲು, ಹಾಕಿದ ಮೇಲೆ, ತೆಗೆದ ಮೇಲೆ.

"ಆಯಿ, ಇದೆಂತದು?"

"ನೋಡೂಕೆ ಬೇಕಾಗ್ತದೆ," ಅಂದಳು ಗಂಗೂ. ಒಂದು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿ, "ಆದ್ರೆ ಫೋಟೋದಲ್ಲಿ ತಳ ಕಾಣೂದಿಲ್ಲ," ಅಂದಳು.

ಈ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಶುಕ್ರವಾರ ಗಂಟೆ ಹೊಡೆದು ಮಕ್ಕಳು ಸಾಲಾಗಿ ಕೂತಾಗ, ಗಂಗೂ ಇಡೀ ತಪ್ಪಲೆ ಸಾಂಬಾರನ್ನು ಹೊರಗೆ ಎಳೆದೊಯ್ದು ತೆಂಗಿನ ಬುಡಕ್ಕೆ ಸುರುವಿದಳು. ಐವತ್ತಮೂರು ಮಕ್ಕಳು ಆ ದಿನ ಬರೀ ಅನ್ನಕ್ಕೆ ಉಪ್ಪು ಕಲಸಿಕೊಂಡು ಉಂಡವು. ಹೆಡ್‌ಮಾಸ್ತರ ಕೇಶವ ಬೈಯುವ ಮನುಷ್ಯನಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

"ನಿಮ್ಮ ಕೈ ಬಗ್ಗೆ ನಂಗೆ ಎರಡ ಮಾತಿಲ್ಲ ಗಂಗೂಬಾಯಿ. ಆದ್ರೆ ಮಕ್ಳು ಹೀಗೆ ಉಂಡ್ರೆ ನಾ ಪಾಲಕರಿಗೆ ಎಂತ ಹೇಳೂದು? ದೀಪಾವಳಿ ರಜೆ ಮುಗಿಯೂ ತನಕ ಭಾರತಿ ನಾದಿನಿ ಬರ್ಲಿ. ಅಷ್ಟ್ರೊಳಗೆ ನೀವು ಸರಿಯಾಗಿ ಬನ್ನಿ. ಇಲ್ದಿದ್ರೆ ಬೇರೆಯವ್ರನ್ನೇ ಹಾಕ್ಬೇಕಾಗ್ತದೆ."

ಗಂಡ ಶಾಂತಾರಾಮ ಊರ ದೇವಸ್ಥಾನಕ್ಕೆ ಹರಕೆ ಹೇಳಿಕೊಂಡ. ಗಂಗೂ ಮನೆಯಲ್ಲಿ ಕೂತಳು. ಕೂತಷ್ಟೂ ತಲೆ ಓಡಿತು: ಹನ್ನೊಂದು ವರ್ಷದಲ್ಲಿ ಎಷ್ಟು ತಪ್ಪಲೆ, ಎಷ್ಟು ಮಕ್ಕಳು, ಯಾವತ್ತು ಯಾರಿಗೆ ಏನಾಯಿತು. "ಈ ತಲೆ ಬಿಚ್ಚಿ ಕಾಳಿ ಹೊಳೆಗೆ ಒಗೆಯೂಕೆ ಬರೂದಾದ್ರೆ ಇವತ್ತೇ ಒಗಿತಿದ್ದೆ," ಅಂದಳು ಮಗಳ ಹತ್ತಿರ. ನಿಶಾ ಆ ರಾತ್ರಿ ತಾಯಿಯ ಪಕ್ಕದಲ್ಲೇ ಮಲಗಿದಳು. ಮರುದಿನವೇ ಕಾರವಾರದ ಮನೋವೈದ್ಯರಲ್ಲಿಗೆ ಕರೆದೊಯ್ದಳು. ಅವರು ಇದಕ್ಕೆ ಓಸಿಡಿ, ಗೀಳಿನ ಕಾಯಿಲೆ ಎನ್ನುತ್ತಾರೆ, ನೀವು ಒಬ್ಬರೇ ಅಲ್ಲ ಎಂದು ಹೇಳಿ ಗುಳಿಗೆ ಬರೆದರು. ಜೊತೆಗೆ ಮಾತಿನ ಚಿಕಿತ್ಸೆಯೂ ಬೇಕೆಂದು ಅಂಕೋಲೆಯ ನಂದಿನಿ ಎಂಬ ಮನಃಶಾಸ್ತ್ರಜ್ಞೆಯ ವಿಳಾಸ ಕೊಟ್ಟರು. ಆಕೆ ಸಂಮೋಹನವನ್ನೂ ಮಾಡುತ್ತಾರೆ ಅಂದರು.

ಆ ಒಂದು ಶಬ್ದ ಹಿಡಿದುಕೊಂಡು ಗಂಗೂಗೆ ಜೀವ ಬಂತು. ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ತಿಂಗಳುಗಳ ಮೇಲೆ ಮೊದಲ ಸಲ ಕಿಟಕಿಯ ಹೊರಗೆ ನೋಡಿದಳು. ನಂದಿನಿಯ ಎದುರು ಕೂತವಳೇ ಕೈ ಮುಗಿದಳು.

"ಡಾಕ್ಟರಬಾಯಿ, ನನ್ನನ್ನ ನಿದ್ದೆ ಮಾಡ್ಸಿ ಆ ಜೂನ್ ತಿಂಗಳಿಗೆ ಕರ್ಕೊಂಡು ಹೋಗಿ. ತಪ್ಪಲೆ ಒಳಗೆ ಒಂದು ಸಲ ನೋಡ್ತೆ. ತಳದವರೆಗೆ ಒಂದೇ ಸಲ. ಆಮೇಲೆ ಎಂತದೂ ಕೇಳೂದಿಲ್ಲ."

ನಂದಿನಿ ತನ್ನ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು.

"ಅದನ್ನ ನಾ ಮಾಡೂದಿಲ್ಲ, ಗಂಗೂಬಾಯಿ. ಸಂಮೋಹನ ಅಂದ್ರೆ ಹಳೇ ವಿಡಿಯೋ ಹಾಕಿ ನೋಡೂದಲ್ಲ. ನೀವು ಹೆದ್ರಿದ್ದನ್ನೇ ಮನಸ್ಸು ಕಟ್ಟಿ ತೋರಿಸ್ಬಹುದು. ಹಲ್ಲಿ ಹುಡುಕಿದ್ರೆ ಹಲ್ಲಿ ಕಂಡೇ ಕಾಣ್ತದೆ. ಮತ್ತೆ ನೀವು ಕೇಳ್ತಾ ಇರೂದು ಎಂತದು ಹೇಳಿ? ಇನ್ನೊಂದು ಸಲ ಮುಚ್ಚಳ ತೆಗಿಯೂದೇ ಅಲ್ವಾ?"

ಗಂಗೂ ಅಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಕೊನೆಯ ಬಾಗಿಲೂ ಮುಚ್ಚಿತು ಅನ್ನಿಸಿತು. "ಹಂಗಾರೆ ನಾ ಇಷ್ಟು ದೂರ ಬಂದದ್ದು ಎಂತಕೆ?"

"ಗೊತ್ತಿಲ್ದೇ ಇರೂಕೆ ಕಲಿಯೂಕೆ. ಸಂಮೋಹನ ಒಂದರಿಂದ್ಲೇ ಇದು ಹೋಗ್ತದೆ ಅಂತ ನಾ ಸುಳ್ಳು ಹೇಳೂದಿಲ್ಲ. ಗುಳಿಗೆ ಬೇಕು, ದಿನಾ ಅಭ್ಯಾಸ ಬೇಕು. ಕೆಲವರಿಗೆ ಆ ಅಭ್ಯಾಸಕ್ಕೆ ಕೂರೂಕೆ ಇದು ಸ್ವಲ್ಪ ಧೈರ್ಯ ಕೊಡ್ತದೆ. ಅಷ್ಟೇ."

ಹಾಗೆ ಶುರುವಾಯಿತು. ನಿದ್ದೆ ಅಂತೂ ಬರಲಿಲ್ಲ. ಕಣ್ಣು ಮುಚ್ಚಿ ಕೂತರೆ ಕೆಳಗಿನ ರಸ್ತೆಯಲ್ಲಿ ರಿಕ್ಷಾ ಹೋಗುವುದು, ಯಾರೋ ಮೀನಿನವಳನ್ನು ಕರೆಯುವುದು ಎಲ್ಲ ಕೇಳುತ್ತಿತ್ತು. ಪಾದದಿಂದ ಮೇಲಕ್ಕೆ ಮೈ ಸಡಿಲವಾಗುತ್ತಿತ್ತು. ನಂದಿನಿಯ ಮಾತು ಮೆಲ್ಲಗೆ ಅಡುಗೆಮನೆಗೆ ಕರೆದೊಯ್ಯುತ್ತಿತ್ತು. ಸಾಂಬಾರು ಇಳಿದಿದೆ. ಮುಚ್ಚಳ ಹಾಕಿದೆ. ಮೇಲೆ ಹಲ್ಲಿ ಲೊಚಗುಟ್ಟುತ್ತದೆ. ನಿಮ್ಮ ಕೈ ತೊಡೆಯ ಮೇಲೇ ಇದೆ.

ಕೈ ತೊಡೆಯ ಮೇಲೆ ಇರಲಿಲ್ಲ. ಮೊದಲ ಸಲ ಬೆರಳು ಕುರ್ಚಿಯ ಹಿಡಿಯನ್ನು ತಟ್ಟಿತು. ಎರಡನೇ ಸಲವೂ, ಮೂರನೇ ಸಲವೂ. ನಂದಿನಿ ಕೊಟ್ಟ ಅಭ್ಯಾಸ ಇದು: ಮನೆಯಲ್ಲಿ ದಿನಾ ಒಂದು ಸಾರು ಮಾಡಿ, ಒಂದು ಸಲ ಮುಚ್ಚಿದ್ದನ್ನು ತೆಗೆಯದೇ ಬಡಿಸಬೇಕು. ಏನಾದರೂ ಕೇಳಿದರೆ ನಿಶಾ "ಗೊತ್ತಿಲ್ಲ ಆಯಿ" ಅನ್ನುವುದು ಬಿಟ್ಟು ಬೇರೆ ಉತ್ತರ ಕೊಡಬಾರದು. "ನೀ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಾ?" ಎಂದು ಗಂಗೂ ಮಗಳ ಕೈ ಹಿಡಿದು ಬೇಡಿಕೊಂಡ ದಿನ, ನಿಶಾ ಗೊತ್ತಿಲ್ಲ ಅಂದು ಹಿತ್ತಲಿಗೆ ಹೋಗಿ ಅತ್ತಳು. ಆರನೇ ಸಲ ಅಂಕೋಲೆಯಲ್ಲಿ ಬೆರಳು ಎದ್ದಿತು, ತಟ್ಟಲಿಲ್ಲ. ಗಂಗೂಗೆ ಅದರಿಂದ ಸಂತೋಷವೇನೂ ಆಗಲಿಲ್ಲ.

ದೀಪಾವಳಿ ಕಳೆದು ಶಾಲೆ ಶುರುವಾದ ದಿನ ಫೋನನ್ನು ಮನೆಯಲ್ಲೇ ಬಿಟ್ಟು ಬಂದಳು. ಸಾಂಬಾರು ಇಳಿಸಿ, ಅಂಗೈಗೆ ಒಂದು ಚಮಚ ಬಿಟ್ಟುಕೊಂಡು ರುಚಿ ನೋಡಿ, ಪುಸ್ತಕದಲ್ಲಿ ಸಹಿ ಹಾಕಿ, ಮುಚ್ಚಳ ಹಾಕಿದಳು. ಆಗ ಮೇಲೆ ಲೊಚ್ ಲೊಚ್ ಅಂತು. ಭಾರತಿಯ ಬೆರಳು ನೆಲ ತಟ್ಟಿಯೂ ಆಗಿತ್ತು. "ಸತ್ಯ" ಅಂದವಳೇ ಬಾಯಿ ಮುಚ್ಚಿಕೊಂಡು ಗಂಗೂಳ ಮುಖ ನೋಡಿದಳು.

ಬಿದ್ದಿದೆ ಅನ್ನಿಸಿತು ಗಂಗೂಗೆ. ಅನ್ನಿಸಿತು ಅಂದರೆ ಕಡಿಮೆಯಾಯಿತು, ಮೈಯೆಲ್ಲ ಅದನ್ನೇ ಹೇಳಿತು. ನೀ ನೋಡ್ದ್ಯಾ ಭಾರತಿ ಎಂಬ ಮಾತು ಗಂಟಲವರೆಗೆ ಬಂತು. ಗಂಟೆ ಹೊಡೆಯಿತು. ಸಾಲಿನಲ್ಲಿ ಮುಂದೆ ಇದ್ದವಳು ಜಯಶ್ರೀ, ಈಗ ನಾಲ್ಕನೇ ಕ್ಲಾಸು. ಬಟ್ಟಲು ಚಾಚಿದಳು.

"ಗಂಗಕ್ಕ, ನಂಗೆ ತಳದ್ದು ಹಾಕಿ. ಬೇಳೆ ಅಲ್ಲೇ ಇರ್ತದೆ."

ಗಂಗೂ ಸೌಟನ್ನು ತಳದವರೆಗೆ ಇಳಿಸಿದಳು. ಏನು ಬಂತೆಂದು ಸೌಟಿನ ಒಳಗೆ ನೋಡಲಿಲ್ಲ. ಹುಡುಗಿಯ ಮುಖ ನೋಡುತ್ತ ಬಟ್ಟಲಿಗೆ ಹಾಕಿದಳು.