ಪಾರ್ಟಿಸಿಪೆಂಟ್ ಮೂರರ ದನಿ

ಜೆರಾಕ್ಸ್ ಅಂಗಡಿಯಿಂದ ಆಗತಾನೇ ಬಂದ ಕಾಗದಕ್ಕೆ ಒಂದು ಬಿಸಿ ವಾಸನೆ ಇರುತ್ತದಲ್ಲ, ಇಸ್ತ್ರಿಪೆಟ್ಟಿಗೆ ತುಸು ಹೆಚ್ಚೇ ಹೊತ್ತು ಕೂತ ಅಂಗಿಯ ಹಾಗೆ? ನಿಮಗೆ ಅದರಿಂದ ಏನೂ ಅನ್ನಿಸಲಿಕ್ಕಿಲ್ಲ. ನನಗೆ ಎಂ.ಎಸ್ಸಿ. ಪೇಪರ್ ಮಂಡಿಸಿದ ದಿನ ನೆನಪಾಗುತ್ತದೆ. ಮೊನ್ನೆ ಸಂಜೆ ತಂಗಿ ದೀಪಾ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಪ್ರಿಂಟ್ ಹಾಕಿಸಿಕೊಂಡು ಬಂದು ಅಷ್ಟೂ ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟಳು. ಅವಳದ್ದೂ ಸೈಕಾಲಜಿಯೇ. ಮನೆಗೆ ನನ್ನೊಬ್ಬನ ಹುಚ್ಚು ಸಾಲದೆಂದು.

"ತಾಯಂದಿರ ಆತಂಕದ ಮೇಲೆ ಬರ್ದಿದೀನಿ. ಹೆಡಿಂಗೆಲ್ಲ ಸರಿಯಾಗಿದ್ಯಾ ನೋಡೋ ಅಣ್ಣ. ನೀನೂ ಪೇಪರ್ ಮಾಡಿದ್ಯಲ್ಲ."

ಮಾಡಿದ್ದೆ, ನಿಜ. ಹೇಗೆ ಮಾಡಿದ್ದೆ ಅನ್ನುವುದನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ.

ನಾನು ಮಿಮಿಕ್ರಿಯವನು. ಮೇಷ್ಟ್ರು, ಕಂಡಕ್ಟರು, ಸೋದರತ್ತೆಯ ಸೀನು, ಎದುರುಮನೆಯ ಕುಕ್ಕರು, ಯಾವುದನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಯಾವುದೆಂದು ಯಾರೂ ಕೇಳಿರಲಿಲ್ಲ. ನಾನೂ ಹುಡುಕಲು ಹೋಗಿರಲಿಲ್ಲ. ಇಂಥವನು ಎಂ.ಎಸ್ಸಿ. ಮುಗಿಸಲು ಆರಿಸಿಕೊಂಡ ವಿಷಯ, ದೊಡ್ಡವರು ಮುಚ್ಚಿಟ್ಟುಕೊಳ್ಳುವ ಭಯಗಳು. ಜನರನ್ನು ಮಾತಾಡಿಸುವುದು, ಬರೆದುಕೊಳ್ಳುವುದು, ಅದೇನು ಮಹಾ ಎಂದುಕೊಂಡೆ. ಮೊದಲ ಕರಡಿನಲ್ಲಿ ಒಬ್ಬೊಬ್ಬರ ಕೆಮ್ಮು, ತಡವರಿಕೆ, ಉಗುಳು ನುಂಗಿದ್ದು ಸಮೇತ ಇಳಿಸಿದ್ದೆ. ಗೈಡ್ ಆಗಿದ್ದ ಶೈಲಜಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದೇನಪ್ಪಾ, ನಾಟಕಾನಾ? ಏನು ಮಾಡ್ದೆ ಅನ್ನೋದು ಮೆಥಡ್‌ನಲ್ಲಿ. ಏನು ಸಿಕ್ತು ಅನ್ನೋದು ರಿಸಲ್ಟ್‌ನಲ್ಲಿ. ನಿಂಗೇನನ್ನಿಸ್ತು ಅನ್ನೋದು ಡಿಸ್ಕಷನ್ ಬರೋವರ್ಗೂ ಬಾಯಿ ಮುಚ್ಕೊಂಡಿರ್ಬೇಕು."

ಬಾಯಿ ಮುಚ್ಚಿಕೊಂಡಿರಲು ಯಾರಿಗೆ ಹೇಳಿದರು ನೋಡಿ! ಆದರೂ ಕಲಿತೆ. ಬಾಳೆಲೆಯಲ್ಲಿ ಉಪ್ಪಿನಕಾಯಿಗೊಂದು ಮೂಲೆ ಇದ್ದಂತೆ ಪೇಪರಿನಲ್ಲೂ ಒಂದೊಂದಕ್ಕೆ ಒಂದೊಂದು ಜಾಗ. ಮಾರ್ಜಿನ್ ಒಂದು ಕೂದಲೆಳೆ ಸರಿಸಿದರೆ ಟೇಬಲ್ಲು ಎಗರಿ ಮುಂದಿನ ಪುಟಕ್ಕೆ ಓಡುತ್ತಿತ್ತು. ಅದನ್ನು ಹಿಡಿದು ತರುವಷ್ಟರಲ್ಲಿ ಪುಟಸಂಖ್ಯೆ ಕಾಣೆಯಾಗಿರುತ್ತಿತ್ತು. ಇದೆಲ್ಲ ಸಣ್ಣ ಭಯ. ದೊಡ್ಡದು ಮೇಡಂ ಕೊನೆಗೆ ಹೇಳಿದ ಮಾತು: "ಹೆಸರು ತೆಗೆದ್ರೆ ಸಾಲದು. ಓದಿದವರಿಗೆ ಮುಖ ಕಾಣಬಾರದು. ನಿನ್ನ ನಂಬಿ ಹೇಳಿದಾರೆ."

ನಂಬಿದವರಲ್ಲಿ ನಮ್ಮ ಬೀದಿಯ ಬಷೀರ್ ಚಾಚಾ ಒಬ್ಬರು. ದಾಬಸ್‌ಪೇಟೆ ಕಡೆಯ ಗೋಡೌನೊಂದರಲ್ಲಿ ರಾತ್ರಿ ಕಾವಲು. ಆರಡಿ ಆಳು, ನಗಾರಿಯಂಥ ಗಂಟಲು. ಅವರ ದನಿ ನನ್ನ ಹೆಸರಾಂತ ಐಟಂ. ಕಾಲೇಜಿನ ಬಸ್ಸಿನಲ್ಲಿ ಅದನ್ನು ದಿನಾ ಮಾಡಿಸುತ್ತಿದ್ದವನು ಕ್ಲಾಸ್‌ಮೇಟ್ ಕಿರಣ. ಆ ಗೋಡೌನಿಗೆ ಕಾವಲಿನವರನ್ನು ಒದಗಿಸುತ್ತಿದ್ದದ್ದು ಅವನ ಅಪ್ಪನೇ.

ಚಾಚಾ ನಮ್ಮ ಜಗಲಿಯಲ್ಲಿ ಕೂತು, ಟೀ ಲೋಟ ಕೆಳಗಿಟ್ಟು ಹೇಳಿದ್ದರು. "ಬೇಟಾ, ನಂಗೆ ಕತ್ಲು ಅಂದ್ರೆ ಆಗಲ್ಲ. ಕರೆಂಟ್ ಹೋಯ್ತು ಅಂದ್ರೆ, ಲೇ ಮಂಜಾ, ಆ ಕಡೆ ನೋಡ್ಕೊಳ್ಳೋ ಅಂತ ಕೂಗ್ತೀನಿ."

"ಮಂಜ ಯಾರು ಚಾಚಾ?"

"ಯಾರೂ ಇಲ್ಲ. ಸಣ್ಣ ಗಂಟ್ಲು ಮಾಡ್ಕೊಂಡು ನಾನೇ ಆಯ್ತಣ್ಣಾ ಅಂತೀನಿ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. "ಗೊತ್ತಾದ್ರೆ ಕೆಲ್ಸ ಹೋಯ್ತದೆ. ಎರಡು ಹೆಣ್ಮಕ್ಳು ಓದ್ತಾ ಇದಾವೆ."

ಪೇಪರಿನಿಂದ ಗೋಡೌನು ಹೋಯಿತು, ದಾಬಸ್‌ಪೇಟೆ ಹೋಯಿತು, ಪಾಪದ ಮಂಜನೂ ಹೋದ. ಉಳಿದದ್ದು ಇಷ್ಟು: ಹೆಸರಿನ ಜಾಗದಲ್ಲಿ ಪಾರ್ಟಿಸಿಪೆಂಟ್ ಮೂರು, "ಕತ್ತಲಾದ್ರೆ ಜೊತೆಗೆ ಯಾರೋ ಇರೋ ಹಾಗೆ ಮಾತಾಡ್ತೀನಿ." ಅಷ್ಟು ದೊಡ್ಡ ಮನುಷ್ಯ ಒಂದೇ ಸಾಲಿನಲ್ಲಿ ಅಡಗಿದ್ದರು.

ಪೇಪರ್ ಮಂಡಿಸುವ ದಿನ ಹೊರಗಿನಿಂದ ಬಂದ ಪರೀಕ್ಷಕರು ಅದೇ ಸಾಲಿಗೆ ಬೆರಳಿಟ್ಟರು. "ಇದನ್ನ ಓದಿ. ಅವರು ಹೇಳಿದ ಹಾಗೇ ಓದಿ."

ಕೊನೆಯ ಬೆಂಚಿನಿಂದ ಕಿರಣ ಕೂಗಿದ. "ವಾಯ್ಸಲ್ಲೇ ಮಾಡ್ ಗುರು!" ಎಲ್ಲರೂ ನಕ್ಕರು.

ಮಿಮಿಕ್ರಿಯವರ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ದನಿಯನ್ನು ನಾವು ಕರೆಯುವುದಿಲ್ಲ, ಸೀನಿನ ಹಾಗೆ ಅದೇ ಬರುತ್ತದೆ. ನನ್ನ ಎದೆ ಆಗಲೇ ಅಗಲವಾಗಿತ್ತು, ದವಡೆ ಇಳಿದಿತ್ತು, ನಾಲಿಗೆ ಚಾಚಾರ ಜಾಗಕ್ಕೆ ಹೋಗಿ ಕೂತಿತ್ತು. ಒಂದಕ್ಷರ ಹೊರಬಿದ್ದರೆ ಸಾಕು, ಕಿರಣನಿಗೆ ಗೊತ್ತಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ಅವನ ಅಪ್ಪನಿಗೆ. ಚಾಚಾರ ಮನೆಯ ತಂತಿಯ ಮೇಲೆ ಒಣಗುವ ಎರಡು ಸ್ಕೂಲ್ ಯೂನಿಫಾರ್ಮು ಕಣ್ಣಿಗೆ ಬಂತು. ಜೆರಾಕ್ಸ್ ಹಾಳೆಯ ಬಿಸಿ ವಾಸನೆ ಮೂಗಿಗೆ ಬಡಿಯಿತು. ತೊಡೆ ಚಿವುಟಿಕೊಂಡು ಬಾಯಿ ತೆರೆದೆ.

ಬಂದದ್ದು ಚಾಚಾ ಅಲ್ಲ. ತೆಳ್ಳಗಿನ, ಒಣಗಿದ, ನಡುವೆ ಒಡೆದ ಒಂದು ದನಿ. ಯಾರೂ ನಗಲಿಲ್ಲ.

ಹೊರಗೆ ಬಂದ ಮೇಲೆ ಕಿರಣ ಹೆಗಲ ಮೇಲೆ ಕೈ ಹಾಕಿದ. "ಲೋ, ಅದ್ಯಾರ ವಾಯ್ಸೋ? ಯಾವತ್ತೂ ಕೇಳೇ ಇಲ್ವಲ್ಲ. ಭಯ ಆಗೋಯ್ತು ಕಣೋ. ಇನ್ನೊಂದ್ಸಲ ಮಾಡು."

ಮಾಡಲು ಬರಲಿಲ್ಲ. ಚಾಚಾ ಈಗ ಆ ಕೆಲಸ ಬಿಟ್ಟಿದ್ದಾರೆ. ಅದಕ್ಕೇ ಇಷ್ಟು ಹೇಳುವ ಧೈರ್ಯ. ಆದರೂ ದಾಬಸ್‌ಪೇಟೆಯಲ್ಲಿ ಹುಡುಕಲು ಹೋಗಬೇಡಿ. ಹೆಸರನ್ನೂ ಊರನ್ನೂ ಬದಲಿಸಿದ್ದೇನೆ. ಮೇಡಂ ಕಲಿಸಿದ್ದು.

ದೀಪಾಳ ಹೆಡಿಂಗುಗಳು ಸರಿಯಾಗಿದ್ದವು, ಮಾರ್ಜಿನ್ನೂ ಸರಿ. ರಿಸಲ್ಟಿಗೆ ಬಂದೆ. ಪಾರ್ಟಿಸಿಪೆಂಟ್ ಐದು: "ನನ್ ಮಗ ಯಾರ್ಯಾರ್ದೋ ದನೀಲಿ ಮಾತಾಡ್ತಾನೆ. ನಾಳೆ ಎಲ್ಲೋ ಬಿದ್ದು, ಅವನ ದನೀಲೇ ಅಮ್ಮಾ ಅಂದ್ರೆ, ನಂಗೆ ಗೊತ್ತಾಗುತ್ತಾ ಅನ್ನೋದೇ ದಿಗಿಲು."

ಹಾಳೆಯ ಬಿಸಿ ಆರಿರಲಿಲ್ಲ.

"ದೀಪಾ, ಇದ್ರಲ್ಲಿ ಮುಖ ಕಾಣ್ತಿದೆ ಕಣೇ."

ಅವಳು ನನ್ನ ಮುಖ ನೋಡಲಿಲ್ಲ. "ಒಬ್ರು ಕಮ್ಮಿ ಬಿದ್ರು. ಅಮ್ಮನ್ನೇ ಕೇಳ್ದೆ. ನಿಂಗೆ ಹೇಳ್ಬೇಡ ಅಂದಿದ್ಲು."

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಕೂಗಿದಳು, ಮುದ್ದೆ ಆರುತ್ತಿದೆ ಎಂದು. ಬೇರೆ ದಿನವಾಗಿದ್ದರೆ ಸೋದರತ್ತೆಯ ಗಂಟಲಲ್ಲಿ ಉತ್ತರ ಕೊಡುತ್ತಿದ್ದೆ.

"ಬಂದೆ ಅಮ್ಮಾ," ಅಂದೆ.

ತೆಳ್ಳಗಿತ್ತು. ನಡುವೆ ಒಡೆಯಿತು. ಒಳಗೆ ಪಾತ್ರೆಯ ಸದ್ದು ನಿಂತಿತು.

"ಯಾರದು?" ಅಂದಳು ಅಮ್ಮ.

"ನಾನೇ ಕಣಮ್ಮ," ಅಂದೆ, ಅದೇ ದನಿಯಲ್ಲಿ.