ಚೆಂಡು ಬಿಡದ ಫಾಲ್ಸ್ ಅಕ್ಕ

ಹೋದ ವಾರ ಬಸವೇಶ್ವರನಗರದ ಅಂಗಡಿಯೊಂದಕ್ಕೆ ಸೀರೆಗೆ ಫಾಲ್ಸ್ ಹಚ್ಚಿಸಲು ಹೋಗಿದ್ದೆ. ಹೊಲಿಗೆ ಯಂತ್ರಕ್ಕೆ ಆಗತಾನೇ ಎಣ್ಣೆ ಬಿಟ್ಟಿದ್ದರು. ಆ ಎಣ್ಣೆಯೂ ಗಂಜಿ ಬಿಡದ ಹೊಸ ಬಟ್ಟೆಯೂ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಿಂತಲ್ಲೇ ನಕ್ಕುಬಿಟ್ಟೆ. ತನ್ನ ಕೆಲಸ ನೋಡಿ ನಕ್ಕೆನೆಂದುಕೊಂಡು ಅಂಗಡಿಯಾಕೆ ಮುಖ ಊದಿಸಿಕೊಂಡಳು. ನಾನು ನಕ್ಕಿದ್ದು ನಮ್ಮ ಫಾಲ್ಸ್ ಅಕ್ಕನನ್ನು ನೆನೆದು...

ನಾನು ಮದುವೆಯಾಗಿ ವಿಜಯನಗರಕ್ಕೆ ಬಂದ ಹೊಸತು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿರಬೇಕು. ನಮ್ಮ ಬೀದಿಯ ಕೊನೆಯಲ್ಲಿ ಅಕ್ಕನ ಪುಟ್ಟ ಅಂಗಡಿಯಿತ್ತು. ಹುಟ್ಟಿದಾಗ ಮನೆಯವರು ಅವರನ್ನು ಗಂಡೆಂದುಕೊಂಡಿದ್ದರು. ಅಕ್ಕ ಹೆಣ್ಣಾಗಿ ಬಾಳಿದರು, ಅದಕ್ಕೇ ಮನೆಯಿಂದ ಹೊರಬಿದ್ದಿದ್ದರು. ನಮ್ಮ ಬೀದಿಯ ನಡತೆಯೂ ವಿಚಿತ್ರವೇ. ಮಗು ಹುಟ್ಟಿದರೆ ದೃಷ್ಟಿ ತೆಗೆಯಲು ಅವರೇ ಬೇಕು. ವರಮಹಾಲಕ್ಷ್ಮಿ ಹಬ್ಬದ ಸೀರೆಗಳಿಗೆಲ್ಲ ಅವರೇ ಫಾಲ್ಸ್ ಹಚ್ಚಬೇಕು. ಹಬ್ಬದ ಸಂಜೆ ಅರಿಶಿನ-ಕುಂಕುಮಕ್ಕೆ ಮಾತ್ರ ಯಾರೂ ಅವರನ್ನು ಕರೆಯುತ್ತಿರಲಿಲ್ಲ. ಅದೇ ಸೀರೆಗಳನ್ನು ಉಟ್ಟು ನಾವೆಲ್ಲ ಅವರ ಅಂಗಡಿಯ ಮುಂದೆಯೇ ಮನೆಯಿಂದ ಮನೆಗೆ ಓಡಾಡುತ್ತಿದ್ದೆವು.

ನಮ್ಮ ಮಹಿಳಾ ಮಂಡಳಿಯ ಥ್ರೋಬಾಲ್ ಟೀಮಿಗೆ ನನ್ನ ಅತ್ತೆಯೇ ಕ್ಯಾಪ್ಟನ್. ಪ್ರತಿ ರಾಜ್ಯೋತ್ಸವಕ್ಕೆ ನಂದಿನಿ ಲೇಔಟಿನವರ ಜೊತೆ ಪಂದ್ಯ, ಪ್ರತಿ ಸಲವೂ ಸೋಲು. ಆ ವರ್ಷ ನಮ್ಮಲ್ಲೊಬ್ಬಳು ಬಾಣಂತನಕ್ಕೆ ತವರಿಗೆ ಹೋಗಿ ಏಳು ಜನರಲ್ಲಿ ಒಬ್ಬರು ಕಡಿಮೆಯಾದರು. ಅಷ್ಟರಲ್ಲಿ ಫಾಲ್ಸ್ ಅಕ್ಕ ಹೊಲಿಗೆ ಯಂತ್ರವನ್ನು ಕಬ್ಬಿಣದ ಸ್ಟ್ಯಾಂಡಿನ ಸಮೇತ ಒಬ್ಬರೇ ಎತ್ತಿ ಒಳಗಿಡುವುದು ಅತ್ತೆಯ ಕಣ್ಣಿಗೆ ಬಿತ್ತು.

"ಆ ರಟ್ಟೆ ನೋಡಿದ್ಯೇನೇ? ಈ ಸಲ ಕಪ್ ನಮ್ದೇ ಕಣೇ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಅಕ್ಕ ಮೊದಲು ನಂಬಲಿಲ್ಲ. "ಹೆಂಗಸ್ರ ಟೀಮಿಗಾ? ನಾನಾ?" ಎಂದು ಎರಡೆರಡು ಸಲ ಕೇಳಿದರು. ಒಪ್ಪಿದ ಮೇಲೆ ಒಂದೇ ಒಂದು ಷರತ್ತು ಹಾಕಿದರು. "ಆಟ ಮುಗಿದ್ಮೇಲೆ ಆ ಕಡೆಯವರು ಕುಂಕುಮ, ಬ್ಲೌಸ್ ಪೀಸ್ ಕೊಡ್ತಾರಲ್ಲಮ್ಮಾ, ಆ ಸಾಲಲ್ಲಿ ನನ್ನನ್ನೂ ನಿಲ್ಲಿಸ್ಬೇಕು. ಗೆದ್ರೂ ಸರಿ, ಸೋತ್ರೂ ಸರಿ."

ಕಪ್ಪಿನ ಗುಂಗಿನಲ್ಲಿದ್ದ ಅತ್ತೆ ತಲೆಯಾಡಿಸಿದರು. ಗುಟ್ಟು ರಟ್ಟಾದೀತೆಂಬ ಭಯಕ್ಕೆ ಅಕ್ಕನನ್ನು ಪ್ರಾಕ್ಟೀಸಿಗೂ ಕರೆಯಲಿಲ್ಲ. ಇಂಥ ಬುದ್ಧಿವಂತಿಕೆ ನಮ್ಮ ಅತ್ತೆಗೇ ಬರಬೇಕು.

ಪಂದ್ಯದ ದಿನ ಅಕ್ಕನನ್ನು ನೋಡಿದ್ದೇ ಆ ಕಡೆಯ ಕ್ಯಾಪ್ಟನ್ ಸೊಂಟಕ್ಕೆ ಕೈಯಿಟ್ಟರು. "ಏನ್ರೀ ಇದು ಅನ್ಯಾಯ? ಇವರು ಎಸೆದ್ರೆ ನಮ್ ಹುಡುಗೀರ ಕೈ ಮುರಿಯಲ್ವೇನ್ರೀ? ಇವರು ಹೆಂಗಸ್ರ ಆಟಕ್ಕೆ ಸೇರಲ್ಲ!"

"ನಮ್ ಬೀದಿ ಹೆಣ್ಮಗಳು ಕಣ್ರೀ! ಇನ್ನೇನ್ ಬೇಕು ನಿಮಗೆ?" ಎಂದು ಅತ್ತೆಯೂ ಏರಿಹೋದರು.

ನಿಜ ಹೇಳಬೇಕೆಂದರೆ ಇಬ್ಬರೂ ನಂಬಿದ್ದು ಆ ರಟ್ಟೆಯನ್ನೇ. ಅಕ್ಕ ಮಾತ್ರ ಸೆರಗು ಸಿಕ್ಕಿಸಿಕೊಳ್ಳುತ್ತಾ ತಲೆ ತಗ್ಗಿಸಿ ನಿಂತಿದ್ದರು. ರೆಫರಿಯಾಗಿದ್ದ ಪಿಟಿ ಮೇಷ್ಟರು ಬೇಸತ್ತು, "ಒಂದ್ ಗೇಮ್ ಆಡಿ, ಆಮೇಲೆ ಜಗಳ ಆಡಿ," ಎಂದು ಸೀಟಿ ಊದಿದರು.

ಮೊದಲ ಚೆಂಡು ನೇರ ಅಕ್ಕನ ಬಳಿಗೇ ಬಂತು. ಹಿಡಿದರು! ನಾವು ಕುಣಿದಾಡಿದೆವು. ಥ್ರೋಬಾಲಿನಲ್ಲಿ ಹಿಡಿದ ಚೆಂಡನ್ನು ತಕ್ಷಣ ಆಚೆ ಎಸೆಯಬೇಕು. ಅಕ್ಕ ಅದನ್ನು ಎದೆಗವಚಿಕೊಂಡು ನಗುತ್ತಾ ನಿಂತೇ ಇದ್ದರು. "ಬಿಡೀ ಅಕ್ಕಾ, ಬಿಡೀ!" ಎಂದು ನಾವು ಅರಚುವಷ್ಟರಲ್ಲಿ ಸೀಟಿ ಬಿತ್ತು. ಮುಂದಿನ ಚೆಂಡು ನೆಟ್ಟಿನ ಕೆಳಗೆ ಹೋಯಿತು. ಅದರ ಮುಂದಿನದು ಅತ್ತೆಯ ಬೆನ್ನಿಗೆ ಬಿತ್ತು. ರಟ್ಟೆಯ ಬಲದಲ್ಲಿ ಮೋಸವಿರಲಿಲ್ಲ.

ಗೇಮ್ ಸೋತು ನೀರು ಕುಡಿಯುವಾಗ ಅತ್ತೆ ಬೆನ್ನು ನೀವಿಕೊಳ್ಳುತ್ತಾ ಕೇಳಿದರು, "ಯಾಕ್ರೀ ಹಂಗೆ ತಬ್ಕೊಂಡ್ ನಿಂತ್ಕೊಳ್ತೀರಾ?"

"ಸ್ಕೂಲಲ್ಲಿ ಹುಡುಗ್ರೂ ಸೇರಿಸ್ಕೊಳ್ತಿರ್ಲಿಲ್ಲ, ಹುಡುಗೀರೂ ಸೇರಿಸ್ಕೊಳ್ತಿರ್ಲಿಲ್ಲ. ಬಾಲ್ ನನ್ ಕೈಗೆ ಬಂದಿದ್ದೇ ಇವತ್ತು ಕಣಮ್ಮಾ. ಬಿಡೋಕೆ ಮನಸ್ಸೇ ಬರ್ತಿಲ್ಲ."

ಬೈಯಲು ಬಾಯಿ ತೆರೆದಿದ್ದ ಅತ್ತೆ ತಮ್ಮ ನೀರಿನ ಲೋಟವನ್ನು ಅಕ್ಕನ ಕೈಗಿಟ್ಟರು.

"ಇನ್ನೂ ಜಗಳ ಇದ್ಯಾ?" ಎಂದು ಮೇಷ್ಟರು ಆ ಕಡೆಯ ಕ್ಯಾಪ್ಟನ್ನರನ್ನು ಕೇಳಿದರು.

"ಛೆ ಛೆ, ಎಂಥಾ ಜಗಳ! ಆಡ್ಲಿ ಬಿಡಿ ಸಾರ್, ಎಷ್ಟ್ ಚೆನ್ನಾಗ್ ಆಡ್ತಾರೆ!"

ಎರಡನೆಯ ಗೇಮೂ ಹೋಯಿತು. ಕಪ್ಪನ್ನು ಆ ಕಡೆಯವರೇ ಇಟ್ಟುಕೊಂಡು, ಪದ್ಧತಿಯಂತೆ ಕುಂಕುಮದ ತಟ್ಟೆ ಹಿಡಿದು ನಮ್ಮ ಸಾಲಿಗೆ ಬಂದರು. ಕೊನೆಯಲ್ಲಿ ಅಕ್ಕ ಕಣ್ಣು ಮುಚ್ಚಿ, ಹಣೆ ಮುಂದೆ ಚಾಚಿ ನಿಂತಿದ್ದರು. ತಟ್ಟೆ ಅವರ ಮುಂದೆ ಬಂದು ನಿಂತುಬಿಟ್ಟಿತು.

"ಇವರಿಗೂನಾ..." ಎಂದು ಕ್ಯಾಪ್ಟನ್ ಮೆಲ್ಲಗೆ ರಾಗ ಎಳೆದರು.

"ನಿಮ್ಮನ್ನ ಗೆಲ್ಸೋಕೆ ಹೆಂಗಸು, ಕುಂಕುಮಕ್ಕೆ ಮಾತ್ರ ಹೆಂಗಸಲ್ವಾ? ಇವರಿಗಿಲ್ದಿದ್ರೆ ನಮ್ ಬ್ಲೌಸ್ ಪೀಸೂ ನೀವೇ ಇಟ್ಕೊಳಿ," ಎಂದು ಅತ್ತೆ ತಮ್ಮದನ್ನು ತಟ್ಟೆಗೇ ವಾಪಸು ಹಾಕಿದರು. ನಾನೂ ಹಾಕಿದೆ, ಉಳಿದವರೂ ಹಾಕಿದರು. ಕ್ಯಾಪ್ಟನ್ ಒಂದು ಗಳಿಗೆ ತಟ್ಟೆಯನ್ನೇ ನೋಡಿ, ಆಮೇಲೆ ಅಕ್ಕನ ಹಣೆಗೆ ಅಗಲವಾಗಿ ಕುಂಕುಮವಿಟ್ಟು, "ಮುಂದಿನ್ ವರ್ಷಾನೂ ತಪ್ಪಿಸ್ಬೇಡಿ," ಎಂದರು. ಎಲ್ಲರೂ ನಕ್ಕೆವು. ಅಕ್ಕ ಬ್ಲೌಸ್ ಪೀಸನ್ನೂ ಚೆಂಡಿನ ಹಾಗೆಯೇ ಎದೆಗವಚಿಕೊಂಡು ಅಳುತ್ತಿದ್ದರು.

ಅಲ್ಲಿಂದ ಪ್ರತಿ ವರಮಹಾಲಕ್ಷ್ಮಿಗೆ ಅತ್ತೆಯೇ ಹೋಗಿ ಅವರನ್ನು ಕರೆತರುತ್ತಿದ್ದರು. ಕೆಲವು ವರ್ಷದ ಮೇಲೆ ರಸ್ತೆ ಅಗಲ ಮಾಡುವಾಗ ಆ ಅಂಗಡಿ ಹೋಯಿತು. ಕೆಂಗೇರಿ ಕಡೆ ಹೋಗ್ತೀನಿ ಎಂದಿದ್ದ ಅಕ್ಕ ಮತ್ತೆ ಸಿಗಲಿಲ್ಲ. ಈಗ ಅತ್ತೆಯೂ ಇಲ್ಲ... ಹಬ್ಬಕ್ಕೆ ಅಕ್ಕನಿಗೆಂದು ಒಂದು ಬ್ಲೌಸ್ ಪೀಸ್ ಹೆಚ್ಚಿಗೆ ತರುತ್ತಿದ್ದ ಅತ್ತೆಯ ಅಭ್ಯಾಸ ಮಾತ್ರ ನನಗೆ ಅಂಟಿಕೊಂಡಿದೆ. ಹಬ್ಬದ ಸಂಜೆ ದೀಪ ಆರುವವರೆಗೂ ಅದು ತಟ್ಟೆಯಲ್ಲೇ ಇರುತ್ತದೆ. ಬಂದವರಲ್ಲಿ ಯಾರಾದರೂ ಕೈ ಹಾಕಿದರೆ, ಅದು ಬೇಡ, ಬೇರೆ ಕೊಡ್ತೀನಿ ಎನ್ನುತ್ತೇನೆ.